ಡಕೋಟಾದ ಎರಡನೇ ಎದೆಬಡಿತ

ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನೂ ಮದ್ದುಗುಂಡನ್ನೂ ಹೊತ್ತ ಡಕೋಟಾ ವಿಮಾನಗಳಲ್ಲಿ ಕೆಲವು ಇಂದಿಗೂ ಅಂಟಾರ್ಕ್ಟಿಕಾದ ಹಿಮದ ಮೇಲೆ ಇಳಿದು ಏಳುತ್ತವೆ. ಆದರೆ ಅವುಗಳ ರೆಕ್ಕೆಯ ಮೇಲಿರುವುದು ಅಂದಿನ ಎಂಜಿನ್ ಅಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್ ಊರಿನ ಬಾಸ್ಲರ್ ಟರ್ಬೊ ಕನ್ವರ್ಷನ್ಸ್ ಕಂಪನಿ ಡಕೋಟಾದ ಮೂಲ ಮಾದರಿಯಾದ ಹಳೆಯ ಡಿಸಿ-3 ವಿಮಾನಗಳಿಗೆ ಟರ್ಬೊಪ್ರಾಪ್ ಎಂಜಿನ್ ಕೂರಿಸಿ, ಬಿಟಿ-67 ಎಂಬ ಹೆಸರಿನಲ್ಲಿ ಮತ್ತೆ ಹಾರಿಸುತ್ತದೆ.

ಡಿಸಿ-3 ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಇಷ್ಟು ಹಳೆಯದನ್ನು ಗುಜರಿಗೆ ಹಾಕದೆ ಏಕೆ ತಿದ್ದುತ್ತಾರೆ? ಇಂದಿನ ಪ್ರಯಾಣಿಕ ವಿಮಾನದ ಒಡಲಿಗೆ ಪ್ರತಿ ಹಾರಾಟದಲ್ಲೂ ಒಳಗಿನಿಂದ ಗಾಳಿಯ ಒತ್ತಡ ಬೀಳುತ್ತದೆ. ಒತ್ತಡ ಏರಿ ಇಳಿದಂತೆ ಲೋಹ ದಣಿಯುತ್ತದೆ, ಕೊನೆಗೆ ಬಿರುಕು ಬಿಡುತ್ತದೆ. ಡಿಸಿ-3ರ ಒಳಗೆ ಒತ್ತಡ ತುಂಬುವ ಏರ್ಪಾಡೇ ಇಲ್ಲ. ಅಂದಿನ ಎಂಜಿನಿಯರುಗಳು ರೆಕ್ಕೆಯನ್ನು ಅಗತ್ಯಕ್ಕಿಂತ ಗಟ್ಟಿಯಾಗಿಯೇ ಕಟ್ಟಿದ್ದರು. ತುಕ್ಕು ಹಿಡಿಯದಂತೆ ಕಾಪಾಡಿದರೆ ಮೈ ಬಾಳುತ್ತದೆ. ಮೊದಲು ಸೋಲುವುದು ಎಂಜಿನ್.

ಅದಕ್ಕೆ ಕಾರಣವೂ ಇದೆ. ಹಳೆಯ ಟ್ವಿನ್ ವಾಸ್ಪ್ ಎಂಜಿನ್ನಿನಲ್ಲಿ ಎರಡು ಸುತ್ತಾಗಿ ಜೋಡಿಸಿದ 14 ಸಿಲಿಂಡರುಗಳು, 28 ಸ್ಪಾರ್ಕ್ ಪ್ಲಗ್ಗುಗಳು. ಪ್ರತಿ ಪಿಸ್ಟನ್ನೂ ಹೋಗಿ, ನಿಂತು, ತಿರುಗಿ ಬರಬೇಕು. ಆ ಹೊಡೆತಕ್ಕೆ ಎಲ್ಲವೂ ಸವೆಯುತ್ತದೆ. ಕೊರೆಯುವ ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿ ಎಂಜಿನ್ ಶುರು ಮಾಡುವುದೇ ಸಾಹಸ. ಅದು ಬೇಡುವ ಸೀಸ ಬೆರೆತ ವಿಮಾನ ಪೆಟ್ರೋಲ್ ದೂರದ ನೆಲೆಗಳಲ್ಲಿ ಸಿಗುವುದು ಕಷ್ಟ.

ಬಾಸ್ಲರ್ ಕೂರಿಸುವುದು ಪ್ರ್ಯಾಟ್ ಅಂಡ್ ವಿಟ್ನಿ ಕೆನಡಾದ ಪಿಟಿ6 ಎಂಜಿನ್. ಇದರಲ್ಲಿ ಗಾಳಿ ಹಿಂದಿನಿಂದ ಒಳಹೊಕ್ಕು ಮುಂದಕ್ಕೆ ಸಾಗುತ್ತದೆ. ಒತ್ತಿದ ಗಾಳಿಯಲ್ಲಿ ಜೆಟ್ ಇಂಧನ ಬಿಡುವಿಲ್ಲದೆ ಉರಿಯುತ್ತದೆ. ಬಿಸಿ ಅನಿಲ ಮೊದಲು ಗಾಳಿ ಒತ್ತುವ ಯಂತ್ರದ ಟರ್ಬೈನನ್ನು ತಿರುಗಿಸಿ, ಆಮೇಲೆ ಪ್ರೊಪೆಲರಿನ ಟರ್ಬೈನಿಗೆ ಬಡಿಯುತ್ತದೆ. ನನಗೆ ಬಹಳ ಹಿಡಿಸುವ ಜಾಣ್ಮೆ ಇಲ್ಲಿದೆ: ಈ ಎರಡರ ನಡುವೆ ದಂಡವಿಲ್ಲ, ಹಲ್ಲುಗಾಲಿಯಿಲ್ಲ, ಇರುವುದು ಬೀಸುವ ಅನಿಲ ಮಾತ್ರ. ಹೀಗಾಗಿ ಶುರು ಮಾಡುವಾಗ ಮೋಟಾರು ಭಾರದ ಪ್ರೊಪೆಲರನ್ನು ತಿರುಗಿಸಬೇಕಿಲ್ಲ. ನಿಮಿಷಕ್ಕೆ ಹತ್ತಾರು ಸಾವಿರ ಸುತ್ತುವ ಟರ್ಬೈನಿನ ವೇಗವನ್ನು ಗಿಯರುಗಳು ಇಳಿಸಿ ಐದು ಅಲಗುಗಳ ಪ್ರೊಪೆಲರಿಗೆ ಕೊಡುತ್ತವೆ.

ಶಕ್ತಿಯಲ್ಲಿ ಏರಿಕೆ ಅಲ್ಪವೇ: 1,200 ಅಶ್ವಶಕ್ತಿಯ ಜಾಗದಲ್ಲಿ ಸುಮಾರು 1,280. ತೂಕ ಮಾತ್ರ ಹಳೆಯದರ ಅರ್ಧಕ್ಕಿಂತ ಕಡಿಮೆ. ಒಳ್ಳೆಯದೇ ಆಯಿತಲ್ಲ ಎನಿಸುತ್ತದೆ, ಆದರೆ ಕಷ್ಟ ಹುಟ್ಟುವುದೇ ಇಲ್ಲಿ. ವಿಮಾನವೂ ತಕ್ಕಡಿಯಂತೆ, ಮುಂದಿನ ತೂಕ ತೆಗೆದರೆ ಬಾಲ ಭಾರವಾಗುತ್ತದೆ. ಆದ್ದರಿಂದ ಬಾಸ್ಲರ್ ರೆಕ್ಕೆಯ ಮುಂದೆ ಒಡಲನ್ನು ಕತ್ತರಿಸಿ 40 ಇಂಚು, ಅಂದರೆ ಸುಮಾರು ಒಂದು ಮೀಟರ್ ಉದ್ದದ ಹೊಸ ತುಂಡನ್ನು ಸೇರಿಸುತ್ತದೆ. ರೆಕ್ಕೆಯ ಮುಂದಂಚು, ತುದಿ, ಇಂಧನ ವ್ಯವಸ್ಥೆ, ವಿದ್ಯುತ್ ತಂತಿಗಳು ಎಲ್ಲವೂ ಬದಲಾಗುತ್ತವೆ. ಇದನ್ನು ಬರೀ ಎಂಜಿನ್ ಬದಲಾವಣೆ ಎನ್ನುವುದು ಅನ್ಯಾಯ.

ಯುದ್ಧ ಮುಗಿದ ಮೇಲೆ ಸೇನೆಯ ಡಕೋಟಾಗಳನ್ನು ಪ್ರಯಾಣಿಕರಿಗಾಗಿ ಮಾರ್ಪಡಿಸುವ ಕೆಲಸ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್‌ನಲ್ಲೂ ನಡೆದಿತ್ತು. ಅಲ್ಲಿ ಪಿಸ್ಟನ್ ಎಂಜಿನ್ ಹಾಗೆಯೇ ಉಳಿಯಿತು.

ಟರ್ಬೈನ್ ಎಲ್ಲದಕ್ಕೂ ಮದ್ದಲ್ಲ. ಕೆಳಗೆ ಹಾರುವಾಗ ಅದು ಹೆಚ್ಚು ಇಂಧನ ಕುಡಿಯುತ್ತದೆ. ಒತ್ತಡವಿಲ್ಲದ ಬಿಟಿ-67 ಜೆಟ್‌ಗಳಷ್ಟು ಎತ್ತರಕ್ಕೆ ಜನರನ್ನು ಒಯ್ಯಲಾರದು. ಧ್ರುವ ಸಂಶೋಧಕರಿಗೆ ಆ ಎತ್ತರವೇ ಬೇಡ. ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯ ಪೋಲಾರ್ 5, ಪೋಲಾರ್ 6 ಎರಡೂ ಬಿಟಿ-67ಗಳೇ. ಹಿಮಗಡ್ಡೆಯ ದಪ್ಪ ಅಳೆಯಲು ಅವು ತಗ್ಗಿನಲ್ಲಿ, ನಿಧಾನವಾಗಿ ಹಾರಬೇಕು, ಗಾಲಿಯ ಜೊತೆಗೆ ಹಿಮಜಾರುಗಳನ್ನು ಕಟ್ಟಿಕೊಂಡು ಓಡುದಾರಿಯಿಲ್ಲದ ಕಡೆ ಇಳಿಯಬೇಕು. ಡಿಸಿ-3ರ ಮೈಗೆ ಈ ಕೆಲಸ ಹೊಸದೇನಲ್ಲ.