ರಾಚಮಲ್ಲನನ್ನು ಕೊಂದವರು ಯಾರು?

ನರೇಗಲ್ಲಿನ ನಾರಾಯಣ ಗುಡಿಯ ಮುಂದೆ ನಿಂತವರನ್ನು ಮೊದಲು ಬೆರಗುಗೊಳಿಸುವುದು ಅದರ ವಿಸ್ತಾರ. ರಾಷ್ಟ್ರಕೂಟರ ಕಾಲದ ಗುಡಿಗಳಲ್ಲಿ ನಮ್ಮ ನಾಡಿನಲ್ಲಿ ಉಳಿದು ಬಂದ ಅತಿ ದೊಡ್ಡವುಗಳಲ್ಲಿ ಇದೂ ಒಂದು. ಹೆಸರು ನಾರಾಯಣನದಾದರೂ ಇದು ಮೊದಲು ಜೈನ ಬಸದಿಯಾಗಿತ್ತು. ಗಂಗರ ದೊರೆ ಇಮ್ಮಡಿ ಬೂತುಗನ ರಾಣಿ ಪದ್ಮಬ್ಬರಸಿ ಇದನ್ನು ಕಟ್ಟಿಸಿದಳೆಂದೂ, ಬಸದಿಯ ದಾನಶಾಲೆಗೆ ಒಂದು ಕೆರೆಯನ್ನು ದತ್ತಿಯಾಗಿ ಬಿಡಲಾಯಿತೆಂದೂ ಕ್ರಿ. ಶ. ೯೫೦ರ ಶಾಸನದಿಂದ ತಿಳಿದುಬರುತ್ತದೆ.

ಕಳೆದ ಮಾಗಿಯಲ್ಲಿ ನಮ್ಮ ಕಾಲೇಜಿನ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ರಾಣಿಯ ಔದಾರ್ಯವನ್ನು ನಾನು ವರ್ಣಿಸುತ್ತಿರುವಾಗಲೇ ಹುಡುಗಿಯೊಬ್ಬಳು, “ಸರ, ಈ ಬೂತುಗ ತನ್ನ ಅಣ್ಣನ್ನ ಕೊಂದಾಂವ ಅಲ್ಲೇನ್ರಿ?” ಎಂದಳು. ಅವಳ ಹಿಂದೆ ನಿಂತಿದ್ದ ಹುಡುಗ ಸುಮ್ಮನಿರಲಿಲ್ಲ. “ಅವನಲ್ಲರಿ, ಕೊಂದಾಂವ ಮುಮ್ಮಡಿ ಕೃಷ್ಣ. ನಾ ಓದೇನ್ರಿ” ಎಂದ. ಇಬ್ಬರೂ ನನ್ನ ಮುಖವನ್ನು ನೋಡಿದರು. ತೀರ್ಪು ಕೊಡುವುದು ಅಷ್ಟು ಸುಲಭವಾಗಿರಲಿಲ್ಲ. ಏಕೆಂದರೆ ಇಬ್ಬರ ಮಾತಿಗೂ ಆಧಾರವುಂಟು.

ಪ್ರಕರಣದ ಸಾರಾಂಶವಿಷ್ಟು. ಹತ್ತನೆಯ ಶತಮಾನದ ನಾಲ್ಕನೆಯ ದಶಕದಲ್ಲಿ ಗಂಗವಾಡಿ ತೊಂಬತ್ತಾರು ಸಾಸಿರವನ್ನು ಆಳುತ್ತಿದ್ದವನು ಎರೆಯಪ್ಪನ ಮಗ ರಾಚಮಲ್ಲ. ಬೂತುಗನು ಅವನ ತಮ್ಮನೆಂದು ಗಂಗರ ವಂಶಾವಳಿಯನ್ನು ಬರೆದ ವಿದ್ವಾಂಸರು ಗುರುತಿಸಿದ್ದಾರೆ. ಸುಮಾರು ೯೩೮ರ ವೇಳೆಗೆ ರಾಚಮಲ್ಲನು ಹತನಾದನು, ಸಿಂಹಾಸನ ಬೂತುಗನದಾಯಿತು. ಕೊಂದ ಕೈ ಯಾರದು?

ಮೊದಲನೆಯ ಸಾಕ್ಷಿ, ಮಹಾರಾಷ್ಟ್ರದ ವಾರ್ಧಾ ಬಳಿಯ ದೇವಳಿಯಲ್ಲಿ ದೊರೆತ ತಾಮ್ರಪಟ. ಇದು ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನದು, ಕಾಲ ೯೪೦. ಗಂಗವಾಡಿಯೆಂಬ ತೋಟದಲ್ಲಿ ಬೆಳೆದಿದ್ದ ರಾಚಮಲ್ಲನೆಂಬ ವಿಷವೃಕ್ಷವನ್ನು ಕೃಷ್ಣನು ಕಿತ್ತೊಗೆದು, ಅದೇ ಜಾಗದಲ್ಲಿ ಬೂತುಗನೆಂಬ ಒಳ್ಳೆಯ ಗಿಡವನ್ನು ನೆಟ್ಟನೆಂದು ಅದರ ಸಂಸ್ಕೃತ ಕವಿ ರೂಪಕವನ್ನು ಕಟ್ಟಿದ್ದಾನೆ. ಇದರ ಪ್ರಕಾರ ಬೂತುಗನು ಏನನ್ನೂ ಮಾಡಲಿಲ್ಲ, ನೆಟ್ಟಲ್ಲಿ ಬೇರುಬಿಟ್ಟನಷ್ಟೆ.

ಎರಡನೆಯ ಸಾಕ್ಷಿ, ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ನಿಲ್ಲಿಸಿದ ಕನ್ನಡ ಶಾಸನ, ಕಾಲ ೯೪೯-೫೦. ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ಬೇಟೆನಾಯಿಯ ನೆನಪನ್ನು ಉಳಿಸಿದ ಕಲ್ಲೆಂದು ವಾಚಕರು ಇದನ್ನು ಬಲ್ಲರು. ಅದೇ ಕಲ್ಲು ಬೂತುಗನು ರಾಚಮಲ್ಲನೊಡನೆ ಕಾದಿ, ಅವನನ್ನು ಕೊಂದು, ರಾಜ್ಯವಾಳುತ್ತಿದ್ದನೆಂದು ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ಇನ್ನು ಪ್ರೇರಣೆಯ ಮಾತು. ಬೂತುಗನಿಗೆ ರಾಜ್ಯ ಬೇಕಾಗಿತ್ತು. ಕೃಷ್ಣನಿಗೆ ಗಂಗವಾಡಿಯಲ್ಲಿ ತನ್ನವನೊಬ್ಬನು ಬೇಕಾಗಿತ್ತು. ಬೂತುಗನಾದರೋ ಅವನ ಅಕ್ಕ ರೇವಕನಿಮ್ಮಡಿಯ ಗಂಡ. ಆ ಮದುವೆಯಲ್ಲಿ ಪುಲಿಗೆರೆ ಮುನ್ನೂರು, ಬೆಳ್ವೊಲ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಬೂತುಗನಿಗೆ ಬಳುವಳಿಯಾಗಿ ಬಂದುವೆಂದು ೯೭೫ರ ಹೆಬ್ಬಾಳದ ಶಾಸನ ತಿಳಿಸುತ್ತದೆ. ನಮ್ಮ ನರೇಗಲ್ಲು ಇದೇ ಬೆಳ್ವೊಲದ ಊರು. ಆದುದರಿಂದ ಭಾವನೂ ಭಾವಮೈದುನನೂ ಕೂಡಿಯೇ ಈ ಕಾರ್ಯಕ್ಕೆ ಕೈಯಿಟ್ಟರೆಂದು ಊಹಿಸುವುದು ಅಸಹಜವಲ್ಲ.

ಕೂಡಿ ಮಾಡಿದರೆಂದಮೇಲೆ ಕೊಂದ ಕೈಯನ್ನು ಗುರುತಿಸುವುದು ಹೇಗೆ? ಇದಕ್ಕೆ ಇನ್ನೊಂದು ಸಾವು ನೆರವಾಗುತ್ತದೆ. ೯೪೯ರಲ್ಲಿ, ಈಗಿನ ತಮಿಳುನಾಡಿನ ತಕ್ಕೋಲದಲ್ಲಿ, ಚೋಳ ರಾಜಕುಮಾರ ರಾಜಾದಿತ್ಯನು ಇದೇ ಇಬ್ಬರೊಡನೆ ಯುದ್ಧಮಾಡುತ್ತ ಮಡಿದನು. ಆನೆಯ ಮೇಲಿದ್ದ ಅವನ ಎದೆಯನ್ನು ಕೃಷ್ಣನ ಬಾಣಗಳು ಸೀಳಿದುವೆಂದು ಚೋಳರ ಲೈಡನ್ ತಾಮ್ರಪಟ ಸಾರುತ್ತದೆ. ಆತಕೂರಿನ ಕಲ್ಲಾದರೋ ಬೂತುಗನು ಕಠಾರಿಯಿಂದ ಇರಿದನೆನ್ನುತ್ತದೆ. ಅಲ್ಲಿಯೂ ಹಾಗೆಯೇ: ತಾಮ್ರಪಟದಲ್ಲಿ ಕೃಷ್ಣ, ಕಲ್ಲಿನಲ್ಲಿ ಬೂತುಗ!

ಈ ಹೋಲಿಕೆಯಲ್ಲಿ ಒಂದು ಸುಳಿವಿದೆ. ಸಾಮಂತನ ಗೆಲುವನ್ನು ಚಕ್ರವರ್ತಿಯ ಖಾತೆಗೆ ಬರೆಯುವುದು ಆಸ್ಥಾನಕವಿಗಳ ವಾಡಿಕೆ. ತಮ್ಮ ರಾಜಕುಮಾರನು ಸಾಮಂತನೊಬ್ಬನ ಕಠಾರಿಗೆ ಬಿದ್ದನೆನ್ನುವುದಕ್ಕಿಂತ ಚಕ್ರವರ್ತಿಯ ಬಾಣಕ್ಕೆ ಬಿದ್ದನೆನ್ನುವುದು ಚೋಳರಿಗೂ ಗೌರವದ ಮಾತಾಗಿ ಕಂಡಿರಬೇಕು. ಆದರೆ ಆತಕೂರಿನ ಶಾಸನ ಕೃಷ್ಣನ ಹೆಸರನ್ನು ಮೆರೆಸುತ್ತಲೇ, ಎರಡು ಕೊಲೆಗಳನ್ನೂ ಬೂತುಗನ ಹೆಸರಿಗೆ ಬರೆದಿದೆ. ಒಡೆಯನ ಕೀರ್ತಿಯಲ್ಲಿ ಸುಳ್ಳಾಗಿ ಪಾಲು ಕೇಳುವ ಧೈರ್ಯ ಸಾಮಂತನಿಗೆ ಸುಲಭವಾಗಿ ಬಾರದು. ಆದುದರಿಂದ ನನ್ನ ಮಟ್ಟಿಗೆ ಕೈ ಬೂತುಗನದು, ಬೆನ್ನಿಗಿದ್ದ ಬಲ ಕೃಷ್ಣನದು. ಹುಡುಗಿಯ ಮಾತು ಹೆಚ್ಚು ನಿಜ. ಹುಡುಗನದೂ ಪೂರ್ತಿ ಸುಳ್ಳಲ್ಲ.

ಹಾಗಾದರೆ ಬೂತುಗನು ವಿಶ್ವಾಸಘಾತಕನೆ? ಇಲ್ಲಿ ಎಚ್ಚರ ಬೇಕು. ರಾಜಾದಿತ್ಯನನ್ನು ಮೋಸದಿಂದ ಇರಿದನೆಂದೇ ಆತಕೂರಿನ ಸಾಲನ್ನು ಮೊದಮೊದಲು ಅರ್ಥಮಾಡಲಾಗಿತ್ತು. ಆನೆಯ ಮೇಲಣ ಅಂಬಾರಿಯನ್ನೇ ರಣರಂಗವನ್ನಾಗಿ ಮಾಡಿಕೊಂಡು ಇರಿದನೆಂಬ ಪಾಠ ಆಮೇಲೆ ಬಂತು. ಕೆಲವು ಅಕ್ಷರಗಳ ಓದು ಬದಲಾದೊಡನೆ ಘಾತಕನು ವೀರನಾದನು! ರಾಚಮಲ್ಲನ ವಿಷಯದಲ್ಲಿಯೂ ಶಾಸನ ಹೇಳುವುದು ಕಾಳಗವನ್ನು. ಮಲಗುವ ಮನೆಯ ಕತ್ತಿಯನ್ನಲ್ಲ, ಹಾಲಿನ ಬಟ್ಟಲಿನ ವಿಷವನ್ನೂ ಅಲ್ಲ. ಆದರೂ ಕಾದಿ ಕೊಂದರೆ ಅಣ್ಣನು ಅಣ್ಣನಲ್ಲದೆ ಹೋಗುವನೆ?

ನನ್ನನ್ನು ಹೆಚ್ಚಾಗಿ ಕಾಡುವುದು ಬೇರೊಂದು ಸಂಗತಿ. ದೇವಳಿಯ ತಾಮ್ರಪಟ ಕೃಷ್ಣನದು. ಆತಕೂರಿನ ಕಲ್ಲು ಬೂತುಗನ ಪಕ್ಷದ್ದು. ಈ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದವರೆಲ್ಲರೂ ಗೆದ್ದವರೇ. ಸತ್ತವನ ಪರವಾಗಿ ಒಂದು ಮಾತೂ ಇಲ್ಲಿ ಕೇಳಿಬರುವುದಿಲ್ಲ. ಹೀಗಿರುವಾಗ ಅವನನ್ನು ‘ವಿಷವೃಕ್ಷ’ವೆಂದು ಕರೆದ ಮಾತಿಗೆ ಎಷ್ಟು ಬೆಲೆ ಕೊಡೋಣ? ಅವನು ಕ್ರೂರನಾಗಿದ್ದನೋ, ಪ್ರಜೆಗಳಿಗೆ ಬೇಕಾದವನಾಗಿದ್ದನೋ ಆ ರೂಪಕ ಹೇಳುವುದಿಲ್ಲ. ಕೃಷ್ಣನಿಗೆ ಅವನು ಬೇಡವಾಗಿದ್ದನೆಂಬುದಷ್ಟೇ ಅದರಿಂದ ಸಿದ್ಧವಾಗುತ್ತದೆ. ಕೊಂದವರು ಸತ್ತವನಿಗೆ ಇಟ್ಟ ಹೆಸರನ್ನು ನಾವು ಸಾವಿರ ವರ್ಷಗಳಾದಮೇಲೂ ಪಾಠಗಳಲ್ಲಿ ಒಪ್ಪಿಸುತ್ತಿದ್ದೇವೆ. ನಾನೂ ತರಗತಿಯಲ್ಲಿ ಆ ರೂಪಕದ ಸೊಗಸನ್ನು ಹೊಗಳಿದವನೇ!

ಗಂಡನ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಪದ್ಮಬ್ಬರಸಿ ಬಸದಿಯನ್ನು ಕಟ್ಟಿಸಿದಳೆಂದು ಕಥೆ ಹೆಣೆಯುವುದು ಸುಲಭ. ಶಾಸನದ ವಿಷಯ ಅದಲ್ಲ, ದಾನ, ಕೆರೆ. ಅವಳ ಮನಸ್ಸಿನಲ್ಲಿ ಏನಿತ್ತೆಂದು ಹೇಳಲು ನಮಗೆ ಅಧಿಕಾರವಿಲ್ಲ. ಅಣ್ಣನ ರಕ್ತದಿಂದ ನೆನೆದ ಸಿಂಹಾಸನದ ಪಕ್ಕದಲ್ಲಿಯೇ, ಹಸಿದವರಿಗೆ ಅನ್ನ ದೊರೆಯಲೆಂಬ ಏರ್ಪಾಡೂ ನಡೆದಿತ್ತೆಂಬುದು ಮಾತ್ರ ದಿಟ.

ಹೊರಡುವ ಹೊತ್ತಿಗೆ ಆ ಹುಡುಗಿ ಮತ್ತೆ ನನ್ನ ಬಳಿಗೆ ಬಂದು, “ರಾಚಮಲ್ಲಂದು ಒಂದೂ ಗುಡಿ ಇಲ್ಲೇನ್ರಿ, ಸರ?” ಎಂದಳು. ಅವನು ಆಳಿದ್ದು ಮೂರು ವರ್ಷಗಳ ಆಚೆ ಈಚೆ, ಕಟ್ಟಿಸಲು ಅವನಿಗೆ ಹೊತ್ತೆಲ್ಲಿತ್ತಮ್ಮಾ ಎಂದೆ. ಅವಳು ತನ್ನ ಟಿಪ್ಪಣಿ ಪುಸ್ತಕವನ್ನು ತೆರೆದು, ಬೂತುಗನ ಹೆಸರಿನ ಕೆಳಗೆ ರಾಚಮಲ್ಲನ ಹೆಸರನ್ನೂ ಬರೆದುಕೊಂಡಳು.