ಮನೆಗೊಂದು ಸಿ.ಡಿ. ಪ್ಲೇಯರ್

ಬಿಡದಿಯ ನಮ್ಮ ಮನೆಯ ಹಳೆಯ ಸಿ.ಡಿ. ಪ್ಲೇಯರ್ ಕಳೆದ ವರ್ಷ ಮೂಕವಾಯಿತು. ನಿವೃತ್ತಿವೇತನಕ್ಕೆ ಒಗ್ಗುವ ಮಧ್ಯಮ ಬೆಲೆಯ ಇನ್ನೊಂದನ್ನು ಅರಸಿ ರೈಲಿನಲ್ಲಿ ಬೆಂಗಳೂರಿಗೆ ಹೋದೆ. ಕೈಚೀಲದಲ್ಲಿ ಎರಡು ಸಿ.ಡಿ.ಗಳಿದ್ದವು. ಒಂದು, ಮಲ್ಲಿಕಾರ್ಜುನ ಮನ್ಸೂರರ ಗಾಯನ; ಇನ್ನೊಂದು, ಈಗ ನಮ್ಮೊಡನಿಲ್ಲದ ನನ್ನ ಪತ್ನಿಯ ಹಾಡುಗಳನ್ನು ಮಗ ಮನೆಯಲ್ಲೇ ಇಳಿಸಿಕೊಟ್ಟದ್ದು.

ಅಂಗಡಿಯವರು ತೋರಿದ ಮೊದಲ ಯಂತ್ರ ಮನ್ಸೂರರನ್ನು ಸೊಗಸಾಗಿ ಹಾಡಿಸಿತು. ಎರಡನೆಯದನ್ನು ಗುರುತಿಸಲೇ ಇಲ್ಲ. ಕಾರಣ ಸರಳ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ನಾದವು ಸೆಕೆಂಡಿಗೆ 44,100 ಬಾರಿ ಅಳೆದ ಅಂಕಿಗಳಾಗಿ ಅಡಗಿರುತ್ತದೆ. ಅದರ ಮೇಲೆ ಬಿದ್ದು ಮರಳುವ ಲೇಸರ್ ಬೆಳಕಿನಿಂದ ಯಂತ್ರವು ಅವನ್ನು ಓದುತ್ತದೆ. ಕಾರ್ಖಾನೆಯ ಸಿ.ಡಿ. ಮರಳಿಸುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಪಾಲನ್ನಷ್ಟೇ, ಅಳಿಸಿ ಮತ್ತೆ ಬರೆಯಬಹುದಾದ ನಮ್ಮಂಥ ಸಿ.ಡಿ. ಮರಳಿಸುತ್ತದೆ. ಎಲ್ಲ ಯಂತ್ರಗಳ ಕಣ್ಣಿಗೂ ಅಷ್ಟು ಸಾಲದು.

ಆದುದರಿಂದ ದೀಪ, ಗುಂಡಿಗಳ ಬೆಡಗಿಗೆ ಮರುಳಾಗದಿರಿ. ನಿಮ್ಮ ಸಿ.ಡಿ.ಯನ್ನೇ ಒಯ್ದು, ಮೆಲುದನಿಯ ಭಾಗವನ್ನು ಹಾಕಿಸಿ ಕೇಳಿ. ಅಂದು ನಾಲ್ಕನೆಯ ಯಂತ್ರದಲ್ಲಿ ಅವಳ ದನಿ ಹೊಮ್ಮಿತು. ಅದರ ಬೆಲೆ ಮೊದಲನೆಯದಕ್ಕಿಂತ ಕಡಿಮೆಯೇ ಇತ್ತು. ಮನೆಗೆ ಬಂದವನು ಮೊದಲು ಆ ಸಿ.ಡಿ.ಯ ಇನ್ನೊಂದು ಪ್ರತಿ ಮಾಡಿಸಿದೆ. ಯಂತ್ರವನ್ನಾದರೆ ಮತ್ತೆ ಕೊಳ್ಳಬಹುದು.