ವೈಪರಿನ ಅದುರಾಟ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಬಿಕ್ಕೋಡು ಮಲೆನಾಡಿನ ಅಂಚಿನಲ್ಲಿರುವ ಊರು. ಬೇಲೂರಿನಿಂದ ಬರುವ ರಸ್ತೆ ಇಲ್ಲಿ ಕಾಫಿ ತೋಟಗಳ ನಡುವೆ ಹೊಕ್ಕು, ತಿರುವುಗಳಲ್ಲಿ ಸುತ್ತಿ ಬಳಸಿ ಸಕಲೇಶಪುರದ ಕಡೆಗೆ ಸಾಗುತ್ತದೆ. ಆರಿದ್ರಾ ಮಳೆ ಹಿಡಿಯಿತೆಂದರೆ ಹಗಲಿನಲ್ಲೇ ಕತ್ತಲು ಕವಿಯುತ್ತದೆ. ಒಮ್ಮೆ ಮಳೆ ಧಾರಾಕಾರವಾಗಿ ಸುರಿಯುತ್ತದೆ. ಒಮ್ಮೆ ಸೋನೆಯಾಗಿ ಇಳಿಯುತ್ತದೆ. ನಿಂತಿತೆಂದುಕೊಂಡಾಗ ಸಿಲ್ವರ್ ಮರಗಳ ತುದಿಯಿಂದ ಹನಿಗಳು ತೊಟ್ಟಿಕ್ಕುತ್ತಲೇ ಇರುತ್ತವೆ. ಇಂತಹ ಸಂಜೆಯಲ್ಲಿ ಶಾಲೆ ಬಿಟ್ಟ ಮಕ್ಕಳೂ ತೋಟದ ಕೆಲಸ ಮುಗಿಸಿದ ಆಳುಗಳೂ ರಸ್ತೆಯ ಅಂಚಿನಲ್ಲೇ ನಡೆದು ಬರುತ್ತಾರೆ. ಅವರ ಕಡೆಗೆ ಬರುತ್ತಿರುವ ಜೀಪಿನ ಚಾಲಕನಿಗೆ ಅವರು ಕಾಣಬೇಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡುವ ವಾಹನ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಮುಂದೆ ಹೋಗುತ್ತದೆ. ಆ ಒಂದು ಸೆಕೆಂಡು ಗಾಜು ಮಸುಕಾಗಿದ್ದರೆ 11 ಮೀಟರ್ ದಾರಿಯನ್ನು ಚಾಲಕನು ಕಣ್ಣು ಕಟ್ಟಿಕೊಂಡೇ ಕ್ರಮಿಸಿದಂತೆ.

ಮುಂದಿನ ಗಾಜನ್ನು ತಿಳಿಯಾಗಿಡುವ ಹೊಣೆ ವೈಪರಿನದು. ಅದು ಗಾಜಿನ ಮೇಲೆ ನುಣ್ಣಗೆ ಜಾರಬೇಕು. ಕೆಲವೊಮ್ಮೆ ಹಾಗಾಗದೆ, ಗಡಗಡನೆ ಅದುರಿ, ಕುಪ್ಪಳಿಸಿ, ಹೋದ ದಾರಿಯಲ್ಲೆಲ್ಲ ನೀರಿನ ಗೆರೆಗಳನ್ನು ಬಿಡುತ್ತದೆ. ಕಿವಿಗೆ ಕಿರಿಕಿರಿ ಎಂದು ಇದನ್ನು ಅಲಕ್ಷಿಸುವವರೇ ಹೆಚ್ಚು. ವಾಸ್ತವವಾಗಿ ಕೆಟ್ಟಿರುವುದು ಚಾಲಕನ ನೋಟ.

ಈ ಸಾಧನದ ಹುಟ್ಟು ಮಳೆಯಲ್ಲಿ ಅಲ್ಲ, ಹಿಮದಲ್ಲಿ. ಅಮೆರಿಕದ ಅಲಬಾಮಾ ರಾಜ್ಯದ ಮೇರಿ ಆ್ಯಂಡರ್ಸನ್ ಎಂಬ ಮಹಿಳೆ ನ್ಯೂಯಾರ್ಕ್ ನಗರದಲ್ಲಿ ಟ್ರಾಮ್ ಬಂಡಿಯ ಚಾಲಕರು ಹಿಮ ಮುಚ್ಚಿದ ಗಾಜಿನಿಂದ ಪಡುತ್ತಿದ್ದ ಪಾಡನ್ನು ಕಂಡರು. ಒಳಗಿನಿಂದಲೇ ಸನ್ನೆಗೋಲನ್ನು ಆಡಿಸಿ ಗಾಜನ್ನು ಒರಸುವ ರಬ್ಬರ್ ಅಲಗಿನ ಕೈಯೊಂದನ್ನು ರೂಪಿಸಿ, 1903ರ ನವೆಂಬರ್ 10ರಂದು ಅದಕ್ಕೆ ಪೇಟೆಂಟ್ ಪಡೆದರು. ಅಲಗು ಗಾಜಿಗೆ ಒತ್ತಿಕೊಂಡಿರಲೆಂದು ಅದಕ್ಕೊಂದು ಭಾರವನ್ನೂ ಜೋಡಿಸಿದ್ದರು. ಆಗ ಅದನ್ನು ಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಕಾರುಗಳೇ ಅಪರೂಪವಾಗಿದ್ದ ಕಾಲ ಅದು. ಆ ಭಾರದ ಕೆಲಸವನ್ನು ಇಂದು ಒಂದು ಸ್ಪ್ರಿಂಗು ಮಾಡುತ್ತದೆ. ಕೈಯ ಕೆಲಸವನ್ನು ಸಣ್ಣದೊಂದು ವಿದ್ಯುತ್ ಮೋಟಾರು ವಹಿಸಿಕೊಂಡಿದೆ. ಉಳಿದಂತೆ ತತ್ತ್ವ ಒಂದೇ.

ವೈಪರಿನಲ್ಲಿ ಗಮನಿಸಬೇಕಾದ ಭಾಗಗಳು ಮೂರು: ಲೋಹದ ತೋಳು, ತೋಳಿನ ತುದಿಗೆ ಸಿಕ್ಕಿಸಿದ ಬ್ಲೇಡು, ಬ್ಲೇಡಿನೊಳಗಿನ ರಬ್ಬರ್ ಪಟ್ಟಿ. ಗಾಜನ್ನು ಮುಟ್ಟುವುದು ಪಟ್ಟಿಯ ತೆಳುವಾದ ಅಂಚು ಮಾತ್ರ. ಅದರ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ. ಪಟ್ಟಿ ಬಲಕ್ಕೆ ಚಲಿಸುವಾಗ ಅಂಚು ಎಡಕ್ಕೆ ಬಾಗಿ ಹಿಂದೆ ಎಳೆಯಲ್ಪಡುತ್ತದೆ. ಎಡಕ್ಕೆ ಚಲಿಸುವಾಗ ಬಲಕ್ಕೆ ಹೊರಳುತ್ತದೆ. ನಿಮಿಷಕ್ಕೆ 45 ಸಲ ಹೋಗಿ ಬರುವ ವೈಪರಿನ ಅಂಚು ಒಂದು ಗಂಟೆಯ ಪ್ರಯಾಣದಲ್ಲಿ 5,400 ಸಲ ಹೊರಳಬೇಕು. ಹೊರಳುವುದೇ ಅದರ ಆರೋಗ್ಯ. ಹಗ್ಗ ಕಟ್ಟಿ ಎಳೆದ ಕೋಲು ನೆಲದ ಮೇಲೆ ಸರಾಗವಾಗಿ ಹಿಂಬಾಲಿಸುತ್ತದೆ. ಅದೇ ಕೋಲನ್ನು ಓರೆಯಾಗಿ ಮುಂದಕ್ಕೆ ತಳ್ಳಿದರೆ ತುದಿ ನೆಲಕ್ಕೆ ಚುಚ್ಚಿಕೊಂಡು ಎಗರೆಗರಿ ಹೋಗುತ್ತದೆ. ಹೊರಳದೆ ಉಳಿದ ರಬ್ಬರಿನ ಅಂಚು ಈ ಎರಡನೆಯ ಕೋಲಿನಂತೆ.

ಎಗರುವುದೇಕೆ? ಕರಿಹಲಗೆಯ ಮೇಲೆ ಸೀಮೆಸುಣ್ಣವನ್ನು ನೆಟ್ಟಗೆ ಹಿಡಿದು ತಳ್ಳಿದರೆ ಅದು ಕಿರ್ರೆಂದು ಕಿರುಚಿ ಚುಕ್ಕಿ ಚುಕ್ಕಿಯ ಗೆರೆಯನ್ನು ಬಿಡುವುದನ್ನು ಎಲ್ಲ ವಿದ್ಯಾರ್ಥಿಗಳೂ ಬಲ್ಲರು. ಒಂದರ ಮೇಲೊಂದು ನಿಂತ ವಸ್ತುಗಳನ್ನು ಕದಲಿಸಲು ಬೇಕಾದ ಬಲ ಹೆಚ್ಚು. ಕದಲಿದ ಮೇಲೆ ಜಾರಿಸುತ್ತಿರಲು ಬೇಕಾದ ಬಲ ಕಡಿಮೆ. ಮೊದಲನೆಯದು ಸ್ಥಾಯಿ ಘರ್ಷಣೆ, ಎರಡನೆಯದು ಜಾರು ಘರ್ಷಣೆ. ಮೋಟಾರು ತೋಳನ್ನು ಎಳೆಯುತ್ತದೆ, ಅಂಚು ಗಾಜಿಗೆ ಕಚ್ಚಿಕೊಂಡು ನಿಲ್ಲುತ್ತದೆ. ತೋಳೂ ರಬ್ಬರೂ ಬಿಲ್ಲಿನಂತೆ ಬಾಗಿ ಬಿಗಿಯುತ್ತವೆ. ಬಿಗಿತ ಸ್ಥಾಯಿ ಘರ್ಷಣೆಯನ್ನು ಮೀರಿದೊಡನೆ ಹಿಡಿತ ತಪ್ಪಿ ಅಂಚು ಮುಂದಕ್ಕೆ ಚಿಮ್ಮುತ್ತದೆ. ಚಿಮ್ಮಿದಾಗ ಬಿಗಿತ ಸಡಿಲಿ ಮತ್ತೆ ಕಚ್ಚಿಕೊಳ್ಳುತ್ತದೆ. ಕಚ್ಚುವುದು, ಚಿಮ್ಮುವುದು, ಮತ್ತೆ ಕಚ್ಚುವುದು. ಇದು ಒಂದು ಸೆಕೆಂಡಿನಲ್ಲಿ ಹಲವು ಸಲ ನಡೆದಾಗ ಅದುರಾಟವೆನಿಸುತ್ತದೆ. ಪಿಟೀಲಿನ ಕಮಾನು ತಂತಿಯಿಂದ ನಾದವನ್ನು ಹೊರಡಿಸುವುದೂ ಇದೇ ನಿಯಮದಿಂದ. ಭೂಮಿಯ ಬಿರುಕುಗಳ ಎರಡು ಪಕ್ಕಗಳು ಬಹುಕಾಲ ಕಚ್ಚಿಕೊಂಡಿದ್ದು ಒಮ್ಮೆಲೆ ಜಾರುವುದೇ ಭೂಕಂಪವೆಂದು ಬ್ರೇಸ್ ಮತ್ತು ಬೈಯರ್ಲಿ ಎಂಬ ವಿಜ್ಞಾನಿಗಳು 1966ರಲ್ಲಿ ಸೂಚಿಸಿದರು. ಮರುವರ್ಷ ಡಿಸೆಂಬರ್ 11ರಂದು ಮಹಾರಾಷ್ಟ್ರದ ಕೊಯ್ನಾದಲ್ಲಿ ನೆಲ ನಡುಗಿತು. ಜೀಪಿನ ಗಾಜಿನ ಮೇಲಿನ ಗಡಗಡಕ್ಕೂ ಅಂತಹ ನಡುಕಕ್ಕೂ ಅಳತೆಯಲ್ಲಿ ಅಜಗಜಾಂತರ. ಬಗೆಯಲ್ಲಿ ನಂಟು ಉಂಟು.

ಇಲ್ಲೊಂದು ಸೋಜಿಗವಿದೆ. ಜಡಿಮಳೆಯಲ್ಲಿ ಸುಮ್ಮನಿರುವ ವೈಪರ್ ಸೋನೆಯಲ್ಲಿ ಅದುರುತ್ತದೆ. ನೀರು ಧಾರಾಳವಾಗಿದ್ದಾಗ ಅಂಚಿಗೂ ಗಾಜಿಗೂ ನಡುವೆ ತೆಳುವಾದ ನೀರಿನ ಪೊರೆ ಉಳಿದು ಎಣ್ಣೆಯಂತೆ ಜಾರಿಸುತ್ತದೆ. ಗಾಜು ಅರೆಬರೆ ಒಣಗಿದಾಗ ಆ ಪೊರೆ ಅಲ್ಲಲ್ಲಿ ಹರಿದು, ಉಳಿದ ತೇವ ರಬ್ಬರನ್ನು ಗಾಜಿಗೆ ಅಂಟಿಸುತ್ತದೆ. ಪೂರ್ಣ ಒದ್ದೆಯಾದ ಗಾಜಿಗಿಂತಲೂ, ಒಣಗಿದ ಗಾಜಿಗಿಂತಲೂ, ಈ ಅರೆದೇವದಲ್ಲೇ ಘರ್ಷಣೆ ಹೆಚ್ಚು. ದಿನವಿಡೀ ಸೋನೆ ಹಿಡಿಯುವ ಬಿಕ್ಕೋಡಿನಂತಹ ಊರಿನಲ್ಲಿ ವೈಪರಿನ ದೋಷ ಬಯಲುಸೀಮೆಗಿಂತ ಬೇಗ ಬಯಲಾಗುವುದು ಇದರಿಂದಲೇ.

ಗಾಜಿನ ಮೇಲೆ ಸೇರುವ ಕೊಳೆ ಈ ಅಂಟನ್ನು ಹೆಚ್ಚಿಸುತ್ತದೆ. ಬೇಸಿಗೆಯ ಕೆಂಧೂಳು, ಮುಂದೆ ಹೋಗುವ ಲಾರಿಯ ಹೊಗೆಯಲ್ಲಿರುವ ಎಣ್ಣೆಯ ಅಂಶ, ಮರದಡಿ ನಿಲ್ಲಿಸಿದಾಗ ಬೀಳುವ ಅಂಟು, ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತಿ ಗಾಜಿಗೆ ಅಪ್ಪಳಿಸುವ ಮಳೆಹುಳುಗಳು ಎಲ್ಲವೂ ಸೇರಿ ಕಣ್ಣಿಗೆ ಕಾಣದ ಜಿಡ್ಡಿನ ಪದರವಾಗುತ್ತವೆ. ವಾಹನಕ್ಕೆ ಹೊಳಪು ಬರಲೆಂದು ಹಚ್ಚಿದ ಮೇಣ ಗಾಜಿಗೂ ತಗುಲಿದರೆ ನೀರು ಹರಡದೆ ಕಾವಲಿಯ ಮೇಲಿನ ಹನಿಗಳಂತೆ ಗುಂಡಾಗಿ ನಿಲ್ಲುತ್ತದೆ. ಪೊರೆ ಹರಿಯಲು ಅದೊಂದೇ ಸಾಕು. ವೈಪರ್ ಕೈಕೊಟ್ಟಾಗ ಲಾರಿ ಚಾಲಕರು ಬೀಡಿಯ ತಂಬಾಕನ್ನೋ ಹೆಚ್ಚಿದ ಆಲೂಗೆಡ್ಡೆಯನ್ನೋ ಗಾಜಿಗೆ ಉಜ್ಜುವುದುಂಟು. ಇದನ್ನು ಮೌಢ್ಯವೆಂದು ನಗಬೇಕಾಗಿಲ್ಲ. ಅವುಗಳ ರಸ ಹನಿಗಳನ್ನು ಒಡೆದು ನೀರು ಹಾಳೆಯಾಗಿ ಹರಡಲು ನೆರವಾಗುತ್ತದೆ. ಆದರೆ ಅದು ಊರು ಸೇರುವವರೆಗಿನ ಉಪಾಯ. ಸೀಮೆಎಣ್ಣೆ, ಡೀಸೆಲ್ ಸವರುವುದಂತೂ ಉಪಾಯವೇ ಅಲ್ಲ. ರಬ್ಬರು ಉಬ್ಬಿ ಹಾಳಾಗುತ್ತದೆ. ಉಳಿದ ಜಿಡ್ಡಿನ ಮೇಲೆ ಎದುರು ವಾಹನದ ದೀಪ ಬಿದ್ದು ಗಾಜೆಲ್ಲ ಬೆಳಕಿನ ಪರದೆಯಾಗುತ್ತದೆ.

ಇನ್ನು ರಬ್ಬರಿನ ವಿಚಾರ. ಶಿರಾಡಿ ಘಾಟಿಯನ್ನಿಳಿದು ಸುಳ್ಯ, ಪುತ್ತೂರುಗಳ ಕಡೆ ಹೋದರೆ ಈ ಮರಗಳ ತೋಟಗಳನ್ನೇ ಕಾಣಬಹುದು. ಮರದ ಹಾಲಿನಿಂದಾದ ರಬ್ಬರಿಗೆ ಬಿಸಿಲೂ ಗಾಳಿಯಲ್ಲಿರುವ ಓಜೋನೂ ಶತ್ರುಗಳು. ಬೇಸಿಗೆಯ ನಾಲ್ಕು ತಿಂಗಳು ವಾಹನ ಬಿಸಿಲಿನಲ್ಲಿ ನಿಂತರೆ, ಅಂಚು ಒಂದೇ ಕಡೆಗೆ ಬಾಗಿದ ಸ್ಥಿತಿಯಲ್ಲಿ ಗಡಸಾಗುತ್ತದೆ. ಮಳೆ ಬಂದಾಗ ಅದಕ್ಕೆ ಹೊರಳಲು ಬಾರದು.

ಹಲವರು ಅದುರಾಟ ಕೇಳಿದೊಡನೆ ಹೊಸ ಬ್ಲೇಡು ಕೊಳ್ಳುತ್ತಾರೆ. ಅದೂ ಅದುರಿದರೆ ಅಂಗಡಿಯವನನ್ನು ಶಪಿಸುತ್ತಾರೆ. ಹಣ ತೆರುವ ಮೊದಲು ಅದುರು ಎತ್ತ ಹೋಗುವಾಗ ಆಗುತ್ತದೆ ಎಂಬುದನ್ನು ನೋಡಬೇಕು. ಹೋಗುವಾಗಲೂ ಬರುವಾಗಲೂ ಅದುರಿದರೆ ಸಾಮಾನ್ಯವಾಗಿ ಕಾರಣ ಗಾಜಿನ ಜಿಡ್ಡು, ಇಲ್ಲವೆ ಸತ್ತ ರಬ್ಬರು. ಒಂದು ಕಡೆಗೆ ಹೋಗುವಾಗ ಮಾತ್ರ ಅದುರಿ, ಮರಳುವಾಗ ನುಣ್ಣಗೆ ಬಂದರೆ, ಅಂಚು ಒಂದು ಪಕ್ಕಕ್ಕೆ ಹೊರಳುತ್ತಿಲ್ಲ ಎಂದರ್ಥ. ರಬ್ಬರು ಹೊಸದಾಗಿದ್ದೂ ಹೀಗಾದರೆ ತೋಳೇ ತಿರುಚಿಕೊಂಡಿರಬೇಕು. ತೋಟದ ದಾರಿಯಲ್ಲಿ ಕೊಂಬೆ ಬಡಿದೋ, ಗಾಜು ತೊಳೆಯುವಾಗ ಒರಟಾಗಿ ಎಳೆದೋ ತೋಳು ತುಸು ತಿರುಚುವುದು ಅಪರೂಪವಲ್ಲ. ಹಾಗೆ ತಿರುಚಿದ ತೋಳಿಗೆ ಎಷ್ಟು ಬ್ಲೇಡು ಬದಲಿಸಿದರೂ ಫಲವಿಲ್ಲ.

ದುರಸ್ತಿಯನ್ನು ಸುಲಭವಾದುದರಿಂದ ಆರಂಭಿಸುವುದು ಜಾಣತನ. ತೋಳನ್ನು ಮೇಲೆತ್ತುವ ಮುನ್ನ ಗಾಜಿನ ಮೇಲೆ ಮಡಿಸಿದ ದಪ್ಪ ಬಟ್ಟೆಯನ್ನು ಹಾಸಬೇಕು. ಬ್ಲೇಡಿಲ್ಲದ ತೋಳು ಕೈಜಾರಿದರೆ ಸ್ಪ್ರಿಂಗಿನ ಬಲಕ್ಕೆ ಗಾಜೇ ಒಡೆದೀತು. ಬಳಿಕ ಸಾಬೂನಿನ ನೀರಿನಿಂದ ಗಾಜನ್ನು ಎರಡು ಸಲ ತೊಳೆದು ಚೆನ್ನಾಗಿ ಜಾಲಾಡಬೇಕು. ಸುರಿದ ನೀರು ಒಡೆಯದೆ ಹಾಳೆಯಂತೆ ಇಳಿದರೆ ಜಿಡ್ಡು ಹೋಯಿತೆಂದು ತಿಳಿಯಬಹುದು. ಒದ್ದೆ ಬಟ್ಟೆಯನ್ನು ರಬ್ಬರಿನ ಅಂಚಿನ ಉದ್ದಕ್ಕೂ ಎಳೆದರೆ ಮೊದಲು ಬರುವುದು ಕಾಡಿಗೆಯಂತಹ ಕಪ್ಪು. ಬಟ್ಟೆ ಬೆಳ್ಳಗೆ ಬರುವವರೆಗೆ ಒರಸಬೇಕು. ಆಮೇಲೆ ಅಂಚನ್ನು ಬೆರಳಿನಿಂದ ಅತ್ತಿತ್ತ ಬಾಗಿಸಿ ನೋಡಬೇಕು. ಬಿಟ್ಟೊಡನೆ ನೆಟ್ಟಗಾಗದಿದ್ದರೆ, ಬಿರುಕೋ ಹಲ್ಲಿನಂತಹ ಕಚ್ಚೋ ಕಂಡರೆ, ಅದರ ಆಯುಷ್ಯ ಮುಗಿಯಿತು. ಕೆಲವು ಬಗೆಯ ಬ್ಲೇಡುಗಳಲ್ಲಿ ಪಟ್ಟಿಯೊಂದನ್ನೇ ಬದಲಿಸಬಹುದು.

ತೋಳಿನ ಪರೀಕ್ಷೆಗೆ ಒಂದು ಯುಕ್ತಿಯಿದೆ. ವೈಪರ್ ಆಡುತ್ತಿರುವಾಗಲೇ ಕೀಲಿ ತಿರುಗಿಸಿ ನಿಲ್ಲಿಸಿದರೆ ತೋಳು ಗಾಜಿನ ನಡುವೆ ನಿಲ್ಲುತ್ತದೆ. ಬ್ಲೇಡನ್ನು ಕಳಚಿ, ತೋಳನ್ನು ಕೈಯಲ್ಲಿ ಹಿಡಿದೇ ಗಾಜಿನ ಸಮೀಪಕ್ಕೆ ಇಳಿಸಿ, ಅದರ ತುದಿಯ ಚಪ್ಪಟೆ ಭಾಗವನ್ನು ಪಕ್ಕದಿಂದ ನೋಡಬೇಕು. ಅದು ಗಾಜಿಗೆ ಸಮಾಂತರವಾಗಿರಬೇಕು. ಒಂದು ಪಕ್ಕ ಎತ್ತಿ ಇನ್ನೊಂದು ಪಕ್ಕ ತಗ್ಗಿದ್ದರೆ ದೋಷ ಸಿಕ್ಕಿದಂತೆಯೇ. ಆಗ ತೋಳನ್ನು ಗಾಜಿನಿಂದ ಪೂರ್ತಿ ಎತ್ತಿ, ಒಂದು ಸ್ಪ್ಯಾನರಿನಿಂದ ಅದರ ಮೇಲ್ಭಾಗವನ್ನು ಅಲುಗಾಡದಂತೆ ಹಿಡಿದು, ಇನ್ನೊಂದರಿಂದ ತುದಿಯನ್ನು ಎಳ್ಳಷ್ಟೇ ತಿರುಚಬೇಕು. ಒಂದೇ ಕೈಯಿಂದ ತಿರುಚಿದರೆ ಭಾರವೆಲ್ಲ ಬುಡದ ಕಡ್ಡಿಯ ಮೇಲೆ ಬಿದ್ದು ಅಲ್ಲಿ ಹೊಸ ತೊಂದರೆ ಹುಟ್ಟುತ್ತದೆ. ತಿರುಚಿ ನೋಡುವುದು, ನೋಡಿ ತಿರುಚುವುದು. ಇದರಲ್ಲಿ ಅವಸರ ಸಲ್ಲದು. ಬುಡದ ನಟ್ಟು ಸಡಿಲವಾಗಿದೆಯೇ, ಸ್ಪ್ರಿಂಗು ತುಕ್ಕು ಹಿಡಿದು ಬಲಗುಂದಿದೆಯೇ ಎಂಬುದನ್ನೂ ಇದೇ ಸಮಯದಲ್ಲಿ ನೋಡಬಹುದು.

ಬ್ಲೇಡನ್ನು ಮರಳಿ ಸಿಕ್ಕಿಸಿದ ಮೇಲೆ ಗಾಜಿಗೆ ನೀರು ಸುರಿದು ವೈಪರನ್ನು ಆಡಿಸಬೇಕು. ತುಂಬು ನೀರಿನಲ್ಲಿ ಸದ್ದಿಲ್ಲದಿದ್ದರೆ ಪರೀಕ್ಷೆ ಮುಗಿಯಲಿಲ್ಲ. ಅಲ್ಲಿ ಕೆಟ್ಟ ವೈಪರೂ ಸುಮ್ಮನಿರುತ್ತದೆ. ಗಾಜು ಅರೆಬರೆ ಒಣಗುವವರೆಗೆ ಕಾದು, ಸೋನೆಯಷ್ಟೇ ನೀರನ್ನು ಬೆರಳಿನಿಂದ ಚಿಮುಕಿಸಿ, ಮತ್ತೆ ಎರಡು ಮೂರು ಸಲ ಆಡಿಸಬೇಕು. ಅಂಚು ಎರಡು ತುದಿಗಳಲ್ಲೂ ಹೊರಳಿಕೊಂಡು, ಗೆರೆಯಿಲ್ಲದೆ ಒರಸಿ ಬಂದರೆ, ಜೀಪು ಸಕಲೇಶಪುರದ ದಾರಿ ಹಿಡಿಯಬಹುದು.